ನಿಮಗಿದು ಗೊತ್ತೇ? ನೀರು ಹೊತ್ತವಳು ಓಡಿದಳು, ಬಾವಿ ತೋಡಿದವನು ದೋಣಿ ಏರಿದ

ಪಂಚವಟಿ ಎಂದ ಕೂಡಲೇ ನಮಗೆ ಐದು ಆಲದ ಮರ, ಪರ್ಣಕುಟಿ, ಚಿನ್ನದ ಜಿಂಕೆ, ಶೂರ್ಪನಖಿಯ ಮೂಗು ಎಲ್ಲ ಒಟ್ಟಿಗೇ ಕಣ್ಣಮುಂದೆ ಬರುತ್ತವೆ. ಇಂದು ಅದು ನಾಸಿಕ್ ಪಟ್ಟಣದೊಳಗಿನ, ಗೋದಾವರಿಯ ಎಡದಂಡೆಯ ಒಂದು ಕಿಕ್ಕಿರಿದ ಬಡಾವಣೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆಯುತ್ತದೆ. ಹಾಗೆ ನೋಡಿದರೆ ಅಲ್ಲಿನ ರಾಮಕುಂಡದ ಮೆಟ್ಟಿಲ ಮೇಲೆ ನಿಂತ ಕನ್ನಡಿಗ ತನ್ನ ಹಳೆಯ ಸೀಮೆಯ ಅಂಚಿನಲ್ಲೇ ನಿಂತಿರುತ್ತಾನೆ. ಈ ಸಲದ ಸಂಗತಿಗಳಲ್ಲಿ ಹೆಚ್ಚಿನವು ಆ ಸೀಮೆಯ ಮಕ್ಕಳವು. ಅವರಲ್ಲಿ ಓಟಗಾರರಿದ್ದಾರೆ, ಚದುರಂಗದವರಿದ್ದಾರೆ, ಚೆಂಡೆಸೆಯುವವರಿದ್ದಾರೆ, ಹುಟ್ಟು ಹಾಕುವವರಿದ್ದಾರೆ.

● ಸುಮಾರು 1,465 ಕಿಲೋಮೀಟರ್ ಹರಿಯುವ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಆದರೂ ಬೇಸಿಗೆ ಬಂತೆಂದರೆ ಆ ಗುಡ್ಡಗಳ ಆದಿವಾಸಿ ಹಾಡಿಗಳಲ್ಲಿ ಕುಡಿಯಲು ನೀರಿಲ್ಲ! ಮಳೆಗಾಲದಲ್ಲಿ ಆಕಾಶವೇ ಹರಿದು ಬಿದ್ದಂತೆ ಸುರಿಯುತ್ತದೆ, ಆದರೆ ನೆಲದಡಿ ಇರುವುದು ಗಟ್ಟಿ ಕಪ್ಪುಕಲ್ಲು. ನೀರು ಇಂಗುವುದಕ್ಕಿಂತ ಜಾರಿ ಹೋಗುವುದೇ ಹೆಚ್ಚು. ಹೆಂಗಸರೂ ಹೆಣ್ಣುಮಕ್ಕಳೂ ತಲೆಯ ಮೇಲೆ ಸಿಂಬೆಯಿಟ್ಟು ಕೊಡ ಹೊತ್ತು ಗುಡ್ಡ ಹತ್ತಿ ಇಳಿಯುತ್ತಾರೆ.

● ಹಾಗೆ ಕೊಡ ಹೊತ್ತ ಹುಡುಗಿಯರಲ್ಲಿ ಒಬ್ಬಳು ಮುಂದೆ ‘ಸಾವರಪಾಡಾ ಎಕ್ಸ್‌ಪ್ರೆಸ್’ ಆದಳು. ಕವಿತಾ ರಾವುತ್ ಹುಟ್ಟಿದ್ದು 1985ರ ಮೇ 5ರಂದು, ಹರ್ಸೂಲ್ ಕಡೆಯ ಸಾವರಪಾಡಾದಲ್ಲಿ. ಆ ಊರಿಗೆ ಎಕ್ಸ್‌ಪ್ರೆಸ್ ಹೋಗಲಿ, ಪ್ಯಾಸೆಂಜರ್ ರೈಲೂ ಇಲ್ಲ. ಊರಿನ ಹೆಸರನ್ನು ರೈಲಿಗಿಟ್ಟ ಹಾಗೆ ದೇಶದ ಬಾಯಲ್ಲಿ ಓಡಿಸಿದ್ದು ಅವರ ಕಾಲುಗಳು.

● ಅವರು ಓಟವನ್ನೇ ಏಕೆ ಆರಿಸಿಕೊಂಡರು ಗೊತ್ತೇ? ಬರಿಗಾಲಲ್ಲಿ ಓಡಬಹುದು, ಅದಕ್ಕೆ ದುಡ್ಡು ಬೇಕಿಲ್ಲ. ಬ್ಯಾಟು ಕೊಳ್ಳಬೇಕು, ರ‍್ಯಾಕೆಟ್ ಕೊಳ್ಳಬೇಕು, ಅಂಗಳಕ್ಕೆ ಶುಲ್ಕ ಕಟ್ಟಬೇಕು. ಓಟಕ್ಕೆ ದಾರಿ ಇದ್ದರೆ ಸಾಕು, ಸಾವರಪಾಡಾದಲ್ಲಿ ಧಾರಾಳವಾಗಿ ಇದ್ದದ್ದೂ ಅದೊಂದೇ.

● ನಾಸಿಕ್‌ನ ಭೋಸಲಾ ಸೈನಿಕ ಶಾಲೆ 1937ರಲ್ಲಿ ಶುರುವಾದದ್ದು. ಅದರ ಅಂಗಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರ ವಿಜೇಂದರ್ ಸಿಂಗ್ ಓಟ ಕಲಿಸುತ್ತಿದ್ದರು. ಕವಿತಾ ಅಲ್ಲಿಗೆ ಬಂದರು. ಗುಡ್ಡದ ಹುಡುಗಿಯ ಉಸಿರು ಎಷ್ಟು ಉದ್ದವೆಂದು ಅಳೆಯಲು ಒಬ್ಬ ಗುರು ಬೇಕಿತ್ತು. ಮುಂದೆ ಇದೇ ಗುರುವಿನ ಕೈಯಲ್ಲಿ ಪಳಗಿದ ಇನ್ನೊಬ್ಬ ನಾಸಿಕ್ ಹುಡುಗಿ ಸಂಜೀವನಿ ಜಾಧವ್ 2017ರ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 10,000 ಮೀಟರ್ ಓಟದ ಬೆಳ್ಳಿ ಗೆದ್ದರು.

● 2010ರ ಅಕ್ಟೋಬರ್ 8, ದಿಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟ. ಮಹಿಳೆಯರ 10,000 ಮೀಟರ್, ಎಂದರೆ ಟ್ರ್ಯಾಕಿನಲ್ಲಿ 25 ಸುತ್ತು. ಮುಂದೆ ಇಬ್ಬರು ಕೆನ್ಯಾದವರು, ಮೂರನೆಯವರು ಕವಿತಾ: 33 ನಿಮಿಷ 5.28 ಸೆಕೆಂಡು. ಆ ಕಂಚು ಕಾಮನ್‌ವೆಲ್ತ್ ಟ್ರ್ಯಾಕಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ವೈಯಕ್ತಿಕ ಪದಕ. ಗಂಡಸರನ್ನೂ ಸೇರಿಸಿ ಹೇಳುವುದಾದರೆ, 1958ರಲ್ಲಿ ಕಾರ್ಡಿಫ್‌ನಲ್ಲಿ ಮಿಲ್ಖಾ ಸಿಂಗ್ 440 ಗಜದ ಓಟದ ಚಿನ್ನ ಗೆದ್ದ ಮೇಲೆ ಟ್ರ್ಯಾಕಿನಲ್ಲಿ ಒಬ್ಬರೇ ಓಡಿ ತಂದ ಪದಕಕ್ಕೆ ಭಾರತ 52 ವರ್ಷ ಕಾದಿತ್ತು. ನಾಲ್ಕು ದಿನ ಬಿಟ್ಟು ಅದೇ ಟ್ರ್ಯಾಕಿನಲ್ಲಿ ರಿಲೇ ಚಿನ್ನ ಗೆದ್ದ ನಾಲ್ವರಲ್ಲಿ ನಮ್ಮ ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿಯೂ ಇದ್ದರು ಎಂಬುದು ಬಹಳ ಜನರಿಗೆ ನೆನಪಿದೆ, ಕವಿತಾರ ಕಂಚು ಅಷ್ಟು ನೆನಪಿಲ್ಲ.

● ಅದಕ್ಕಿಂತ ಬೆರಗಿನದು ಮುಂದಿದೆ. 44 ದಿನ ಕಳೆದು ನವೆಂಬರ್ 21ಕ್ಕೆ ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟ. ಅದೇ 25 ಸುತ್ತನ್ನು ಕವಿತಾ 31 ನಿಮಿಷ 51.44 ಸೆಕೆಂಡಿನಲ್ಲಿ ಮುಗಿಸಿದರು. ಲೆಕ್ಕ ಹಾಕಿ: ಒಂದೂವರೆ ತಿಂಗಳೊಳಗೆ 73 ಸೆಕೆಂಡಿಗೂ ಹೆಚ್ಚು ಉಳಿತಾಯ, ಸುತ್ತೊಂದಕ್ಕೆ ಸುಮಾರು 3 ಸೆಕೆಂಡು! ಅಷ್ಟು ಓಡಿದರೂ ಸಿಕ್ಕಿದ್ದು ಬೆಳ್ಳಿ. ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ, 31 ನಿಮಿಷ 50.47 ಸೆಕೆಂಡಿಗೆ, ಚಿನ್ನ ಗೆದ್ದವರು ಕೇರಳದ ಪ್ರೀಜಾ ಶ್ರೀಧರನ್. ಇಬ್ಬರು ಭಾರತೀಯ ಹೆಣ್ಣುಮಕ್ಕಳು ಏಷ್ಯಾದ ಉಳಿದ ಎಲ್ಲರನ್ನೂ ಹಿಂದೆ ಹಾಕಿ ಕೊನೆಯ ಗೆರೆಗೆ ಹೆಗಲೆಣೆಯಾಗಿ ಧಾವಿಸಿದ ಆ ಓಟ ನಮ್ಮ ಶಾಲೆಗಳ ಪಾಠಪುಸ್ತಕದಲ್ಲಿ ಇರಬೇಕಿತ್ತು.

● ಕವಿತಾರಿಗೆ ಅರ್ಜುನ ಪ್ರಶಸ್ತಿ ಬಂದದ್ದು 2012ರಲ್ಲಿ. ಬೆಂಗಳೂರಿನ ರಸ್ತೆಗಳಿಗೂ ಅವರು ಹೊಸಬರಲ್ಲ, ಇಲ್ಲಿನ 10ಕೆ ಓಟದಲ್ಲಿ ಅವರು ಓಡಿದ್ದಾರೆ.

● ಈಗ ನಾಸಿಕ್ ಪಟ್ಟಣದೊಳಗೆ ಬರೋಣ. ತಂದೆ ತಾಯಿ ಇಬ್ಬರೂ ವೈದ್ಯರಾದ ಮನೆಯಲ್ಲಿ 1994ರ ಅಕ್ಟೋಬರ್ 24ರಂದು ಹುಟ್ಟಿದ ಹುಡುಗ ವಿದಿತ್ ಗುಜರಾತಿ. ನೀರು ಹೊರುವ ಕಷ್ಟ ಈ ಮನೆಗಿರಲಿಲ್ಲ, ಇಲ್ಲಿನ ಪರೀಕ್ಷೆ ಬೇರೆ ಬಗೆಯದು. 18ನೆಯ ವಯಸ್ಸಿಗೆ ಚದುರಂಗದ ಗ್ರ್ಯಾಂಡ್‌ಮಾಸ್ಟರ್. 2023ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಗ್ರ್ಯಾಂಡ್ ಸ್ವಿಸ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತರು. ಹನ್ನೊಂದು ಸುತ್ತು ಮುಗಿದಾಗ ಎಂಟೂವರೆ ಅಂಕದೊಂದಿಗೆ ಎಲ್ಲರಿಗಿಂತ ಮೇಲೆ ಕುಳಿತಿದ್ದವರೂ ಅವರೇ! ಆ ಗೆಲುವು 2024ರ ಕ್ಯಾಂಡಿಡೇಟ್ಸ್ ಪಂದ್ಯಾವಳಿಗೆ ಬಾಗಿಲು ತೆರೆಯಿತು. ಟೊರಾಂಟೊದಲ್ಲಿ ಅಮೆರಿಕದ ಹಿಕಾರು ನಾಕಮುರಾ ಅವರನ್ನು ಒಮ್ಮೆಯಲ್ಲ, ಎರಡು ಸಲ ಸೋಲಿಸಿದರು. ಅದೇ ವರ್ಷ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ಐವರಲ್ಲಿ ವಿದಿತ್ ಒಬ್ಬರು.

● ಸಿನ್ನರ್‌ನ ಮಾಯಾ ಸೋನವಣೆ ಲೆಗ್‌ಸ್ಪಿನ್ ಎಸೆಯುವುದನ್ನು ನೋಡಿದ್ದೀರಾ? ಚೆಂಡು ಬಿಡುವ ಹೊತ್ತಿಗೆ ತಲೆ ನೆಲದತ್ತ ಬಾಗಿರುತ್ತದೆ. 2022ರ ಮಹಿಳಾ ಟಿ20 ಚಾಲೆಂಜ್‌ನಲ್ಲಿ ಅವರು ವೆಲಾಸಿಟಿ ತಂಡಕ್ಕೆ ಆಡಿದಾಗ, ನೋಡಿದವರಿಗೆಲ್ಲ ದಕ್ಷಿಣ ಆಫ್ರಿಕಾದ ಪಾಲ್ ಆಡಮ್ಸ್ ನೆನಪಾದರು. ನಾಸಿಕ್‌ನವರೇ ಆದ ರಾಮಕೃಷ್ಣ ಘೋಷ್ ಅವರನ್ನು 2025ರ ಐಪಿಎಲ್‌ಗೆ ಚೆನ್ನೈ ತಂಡ 30 ಲಕ್ಷ ರೂಪಾಯಿಗೆ ಕೊಂಡಿತು.

● ಛತ್ರಪತಿ ಸಂಭಾಜಿನಗರದ ಕಡೆಯ ತೇಜಸ್ ಶಿರ್ಸೆ 2024ರ ಮೇ 22ರಂದು ಫಿನ್‌ಲೆಂಡಿನಲ್ಲಿ 110 ಮೀಟರ್ ಹರ್ಡಲ್ಸ್ ಅನ್ನು 13.41 ಸೆಕೆಂಡಿನಲ್ಲಿ ಮುಗಿಸಿದರು. ಅದು ಆ ದಿನದ ರಾಷ್ಟ್ರೀಯ ದಾಖಲೆ. ಮುರಿದದ್ದು 2017ರಿಂದ ನಿಂತಿದ್ದ ಸಿದ್ಧಾಂತ್ ತಿಂಗಳಾಯ ಅವರ 13.48 ಸೆಕೆಂಡಿನ ದಾಖಲೆಯನ್ನು. ತಿಂಗಳಾಯ ಎಂಬ ಹೆಸರು ಎಲ್ಲಿಯದೆಂದು ಉಡುಪಿ, ಮಲ್ಪೆಯ ಓದುಗರಿಗೆ ಹೇಳಬೇಕಿಲ್ಲ. ಸಂಭಾಜಿನಗರದ ಪಕ್ಕದ ಎಲ್ಲೋರಾದಲ್ಲಿ ಕೈಲಾಸ ದೇಗುಲ ಕೊರೆಯಿಸಿದ ಒಂದನೆಯ ಕೃಷ್ಣನೂ ನಮ್ಮ ರಾಷ್ಟ್ರಕೂಟರವನೇ.

● ಗೋದಾವರಿ ಸೀಮೆಯಿಂದ ತುಸು ಹೊರಗೆ ಹೋಗಿ ಬರೋಣ: ಒಂದು ಕೆಲಸಕ್ಕೆ ಹದಗೊಂಡ ಮೈ ಇನ್ನೊಂದು ಆಟಕ್ಕೆ ಒದಗಿದ್ದಕ್ಕೆ ದೂರದ ಒಂದು ಉದಾಹರಣೆ ಬೇಸ್‌ಬಾಲಿನದು. 2008ರಲ್ಲಿ ಅಮೆರಿಕದ ಜೆ.ಬಿ. ಬರ್ನ್‌ಸ್ಟೀನ್ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆಯನ್ನು ಭಾರತದಲ್ಲಿ ನಡೆಸಿದರು. ಯಾರು ಬೇಕಾದರೂ ಬನ್ನಿ, ಬೇಸ್‌ಬಾಲ್ ಎಸೆಯಿರಿ ಎಂಬ ಕರೆಗೆ 37,000ಕ್ಕೂ ಹೆಚ್ಚು ಜನ ಬಂದರು. ಗೆದ್ದವರು ಉತ್ತರ ಪ್ರದೇಶದ ಭದೋಹಿ ಜಿಲ್ಲೆಯ ಟ್ರಕ್ ಚಾಲಕರೊಬ್ಬರ ಮಗ ರಿಂಕು ಸಿಂಗ್. ಅವರು ಅದುವರೆಗೆ ಎಸೆಯುತ್ತಿದ್ದದ್ದು ಜಾವೆಲಿನ್! ಗಂಟೆಗೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಎಸೆದು ಒಂದು ಲಕ್ಷ ಡಾಲರ್ ಗೆದ್ದರು. ಬನಾರಸಿನ ಕಡೆಯ ದಿನೇಶ್ ಪಟೇಲ್ ಜೊತೆಗೆ ಲಾಸ್ ಏಂಜಲಿಸ್‌ಗೆ ಹೋಗಿ ಟಾಮ್ ಹೌಸ್ ಎಂಬ ಹೆಸರಾಂತ ಗುರುವಿನ ಬಳಿ ಆಟವನ್ನು ಮೊದಲಿನಿಂದ ಕಲಿತರು. ಅದೇ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಂದಲೂ ಸಹಿ ಹಾಕಿಸಿಕೊಂಡಿತು. 2009ರ ಜುಲೈನಲ್ಲಿ ರಿಂಕು ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಪಂದ್ಯ ಗೆದ್ದ ಮೊದಲ ಭಾರತೀಯ ಪಿಚರ್ ಎನಿಸಿದರು.

● ಅಂದಹಾಗೆ, ಬೇಸ್‌ಬಾಲ್ ಚೆಂಡು ನಮ್ಮ ಕ್ರಿಕೆಟ್ ಚೆಂಡಿಗಿಂತ ತುಸು ಹಗುರ: 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ. ಎಸೆಯುವ ದೂರವೂ ಕಡಿಮೆ, 18.44 ಮೀಟರ್. ಕ್ರಿಕೆಟ್ ಪಿಚ್ಚು 20.12 ಮೀಟರ್.

● ಮತ್ತೆ ನಾಸಿಕ್ ಜಿಲ್ಲೆಗೆ, ಹಾಗೆ ಕೆಲಸದಲ್ಲಿ ಹದಗೊಂಡ ಇನ್ನೊಂದು ಮೈಯ ಕತೆಗೆ. ಯಶವಂತಪುರದ ಮಂಡಿಗೆ ಬರುವ ನಾಸಿಕ್ ಈರುಳ್ಳಿ ನಮಗೆಲ್ಲ ಪರಿಚಿತ. ಆ ಈರುಳ್ಳಿ ಸೀಮೆಯ ಬರಪೀಡಿತ ತಾಲ್ಲೂಕು ಚಾಂದವಡ್. ಅಲ್ಲಿನ ತಳೇಗಾಂವ್ ರೋಹಿ ಎಂಬ ಹಳ್ಳಿಯಲ್ಲಿ 1991ರ ಏಪ್ರಿಲ್ 5ರಂದು ಹುಟ್ಟಿದವರು ದತ್ತು ಭೋಕನಳ್. ತಂದೆ ಬಾವಿ ತೋಡುವ ಕೂಲಿ. ಮಗನೂ ಎಳವೆಯಲ್ಲೇ ಹಾರೆ ಪಿಕಾಸಿ ಹಿಡಿದ. ಮದುವೆ ಮನೆಯ ಕೆಲಸ, ಟ್ರ್ಯಾಕ್ಟರ್ ಓಡಿಸುವುದು, ಪೆಟ್ರೋಲ್ ಬಂಕಿನ ದುಡಿಮೆ, ಅದರ ನಡುವೆಯೇ ಶಾಲೆ. 2011ರಲ್ಲಿ ತಂದೆ ತೀರಿಕೊಂಡರು. ಹಿರಿಮಗನ ಹೆಗಲಿಗೆ ಮನೆ ಬಿತ್ತು. 2012ರಲ್ಲಿ ದತ್ತು ಸೈನ್ಯ ಸೇರಿದರು.

● ಸೈನ್ಯದಲ್ಲಿ ಸಿಕ್ಕಿದ್ದು ಪುಣೆಯ ಬಾಂಬೆ ಎಂಜಿನಿಯರ್ ಗ್ರೂಪ್. ಸೇತುವೆ ಕಟ್ಟುವ, ನದಿ ದಾಟಿಸುವ ಈ ಪಡೆಗಳಲ್ಲಿ ರೋಯಿಂಗ್ ಹಳೆಯ ಆಟ. ಅದೇ ಬಳಗದ ಮದ್ರಾಸ್ ಎಂಜಿನಿಯರ್ ಗ್ರೂಪಿನ, ಎಂದರೆ ನಮ್ಮ ಎಂಇಜಿಯ ಸೈನಿಕರು ಹಲಸೂರು ಕೆರೆಯಲ್ಲಿ ಹುಟ್ಟು ಹಾಕುವುದನ್ನು ಬೆಂಗಳೂರಿಗರು ನೋಡಿರುತ್ತಾರೆ. ದತ್ತು ಎತ್ತರದ ಆಳು. ರೋಯಿಂಗಿನಲ್ಲಿ ಕೈ ಕಾಲು ಉದ್ದವಿದ್ದಷ್ಟೂ ಹುಟ್ಟಿನ ಎಳೆತ ಉದ್ದ. ತರಬೇತುದಾರ ಕುದ್ರತ್ ಅಲಿ ಅವರ ಕಣ್ಣು ಈ ಎತ್ತರದ ಮೇಲೆ ಬಿತ್ತು. ತೊಡಕಿದ್ದದ್ದು ಒಂದೇ: ದತ್ತುವಿಗೆ ನೀರೆಂದರೆ ಭಯ. ಎಳವೆಯಿಂದ ನೀರಿಗಾಗಿ ನೆಲ ಅಗೆದವನಿಗೆ ತುಂಬಿದ ನೀರು ಅಷ್ಟು ಅಪರಿಚಿತವಾಗಿತ್ತು. ಈಜಿನಿಂದ ಶುರು ಮಾಡಬೇಕಾಯಿತು.

● ಒಬ್ಬರೇ ಕೂರುವ ಸಿಂಗಲ್ ಸ್ಕಲ್ಸ್ ದೋಣಿ ಸುಮಾರು 8 ಮೀಟರ್ ಉದ್ದ. ತೂಕ ಮಾತ್ರ 14 ಕೆಜಿ ಇದ್ದರೂ ನಿಯಮಕ್ಕೆ ಸಾಕು, ಒಂದು ಅಕ್ಕಿ ಮೂಟೆಗಿಂತ ಹಗುರ! ಸ್ಪರ್ಧೆಯ ದೂರ 2,000 ಮೀಟರ್. ದೋಣಿ ಓಡುವುದು ಮುಖ್ಯವಾಗಿ ಕಾಲಿನ ಬಲದಿಂದ: ಜಾರುವ ಆಸನದ ಮೇಲೆ ಕುಳಿತು ಪಾದ ಒತ್ತಿ, ಬೆನ್ನು ಹಿಂದಕ್ಕೆ ಚಾಚಿ, ಕೊನೆಗೆ ತೋಳು ಎಳೆಯಬೇಕು. ಬಾವಿಯ ತಳದಿಂದ ಮಣ್ಣು ಎತ್ತಿ ಎಸೆಯುವವನ ಕಾಲು, ಸೊಂಟ, ಬೆನ್ನು ಇದೇ ಸಾಲಿನಲ್ಲಿ ಕೆಲಸ ಮಾಡುತ್ತವೆ ಎಂದು ನನಗನ್ನಿಸುತ್ತದೆ. ಇನ್ನೊಂದು ವಿಚಿತ್ರ: ಹುಟ್ಟು ಹಾಕುವವನ ಬೆನ್ನು ಗುರಿಯ ಕಡೆಗಿರುತ್ತದೆ, ಮುಖ ಬಿಟ್ಟು ಬಂದ ದಡದ ಕಡೆಗೆ.

● 2014ರ ರಾಷ್ಟ್ರೀಯ ಕೂಟದಲ್ಲಿ ಎರಡು ಚಿನ್ನ, 2015ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 2016ರಲ್ಲಿ ದಕ್ಷಿಣ ಕೊರಿಯಾದ ಚುಂಗ್‌ಜುವಿನಲ್ಲಿ ಒಲಿಂಪಿಕ್ ಅರ್ಹತಾ ಸ್ಪರ್ಧೆ. ಆ ಹೊತ್ತಿಗೆ ತಾಯಿ ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದರು, ಮಗನ ಗುರುತೂ ಹತ್ತುತ್ತಿರಲಿಲ್ಲ. ಹೋಗುವುದೋ ಇರುವುದೋ ಎಂಬ ಸಂಕಟದಲ್ಲೇ ಹೋಗಿ, ಬೆಳ್ಳಿ ಗೆದ್ದು, ರಿಯೋಗೆ ಅರ್ಹರಾದರು. ಈ ಸಾಲನ್ನು ಬರೆಯುವಾಗ ನನಗೆ ಗಂಟಲು ಕಟ್ಟುತ್ತದೆ. ಒಲಿಂಪಿಕ್ಸ್‌ಗೆ ಹೋಗುತ್ತಿದ್ದೇನೆ ಎಂದು ಮಗ ಹೇಳಿದರೆ ಅರಿಯುವ ಸ್ಥಿತಿಯಲ್ಲಿ ಆ ತಾಯಿ ಇರಲಿಲ್ಲ.

● ರಿಯೋಗೆ ಹೋದ ಭಾರತದ ಒಬ್ಬನೇ ರೋಯಿಂಗ್ ಪಟು ದತ್ತು. 13ನೆಯ ಸ್ಥಾನ, ಸಮಯ 6 ನಿಮಿಷ 54.96 ಸೆಕೆಂಡು. 2012ರ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಭಾರತದ ಸವರ್ಣ ಸಿಂಗ್ 16ನೆಯವರಾಗಿದ್ದರು. ಚಿನ್ನ ಗೆದ್ದ ನ್ಯೂಜಿಲೆಂಡಿನ ಮಾಹೆ ಡ್ರೈಸ್‌ಡೇಲ್ ಮತ್ತು ಬೆಳ್ಳಿ ಗೆದ್ದ ಕ್ರೊವೇಷಿಯಾದ ದಾಮಿರ್ ಮಾರ್ಟಿನ್ ಇಬ್ಬರ ಸಮಯವೂ ಸರಿಸಮ, 6 ನಿಮಿಷ 41.34 ಸೆಕೆಂಡು, ಫೋಟೋ ನೋಡಿಯೇ ತೀರ್ಪು ಕೊಡಬೇಕಾಯಿತು! ಅದೇ ಆಗಸ್ಟ್‌ನಲ್ಲಿ, ಅದೇ ಊರಿನಲ್ಲಿ ಮ್ಯಾರಥಾನ್ ಓಡಿದವರಲ್ಲಿ ಕವಿತಾ ರಾವುತ್ ಕೂಡ ಇದ್ದರು. ಗುವಾಹಟಿಯಲ್ಲಿ ಫೆಬ್ರವರಿಯಲ್ಲಿ 2 ಗಂಟೆ 38 ನಿಮಿಷ 38 ಸೆಕೆಂಡಿಗೆ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದಿದ್ದ ಅವರಿಗೆ ರಿಯೋದಲ್ಲಿ 2 ಗಂಟೆ 59 ನಿಮಿಷ 29 ಸೆಕೆಂಡು ಬೇಕಾಯಿತು, 120ನೆಯ ಸ್ಥಾನ. ನೀರು ಹೊತ್ತವಳೂ ಬಾವಿ ತೋಡಿದವನೂ, ಒಂದೇ ಜಿಲ್ಲೆಯ ಇಬ್ಬರು, ಒಂದೇ ಒಲಿಂಪಿಕ್ಸ್‌ನಲ್ಲಿ.

● 2018ರ ಏಷ್ಯನ್ ಕ್ರೀಡಾಕೂಟ, ಇಂಡೊನೇಷ್ಯಾದ ಪಾಲೆಂಬಾಂಗ್. ಆಗಸ್ಟ್ 23ರಂದು ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ದತ್ತು ಮೈ ಹುಷಾರಿಲ್ಲದೆ ಬಳಲಿ ಆರನೆಯವರಾಗಿ, ಎಲ್ಲರಿಗಿಂತ ಕೊನೆಯಲ್ಲಿ ದಡ ಸೇರಿದರು. ಮರುಬೆಳಗ್ಗೆ ಅದೇ ಕೆರೆಯಲ್ಲಿ ನಾಲ್ವರ ದೋಣಿ: ಸವರ್ಣ ಸಿಂಗ್, ದತ್ತು ಭೋಕನಳ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್. ನಾಲ್ವರೂ ಸೈನಿಕರು. 6 ನಿಮಿಷ 17.13 ಸೆಕೆಂಡು, ಚಿನ್ನ. ಏಷ್ಯನ್ ಕ್ರೀಡಾಕೂಟದ ರೋಯಿಂಗಿನಲ್ಲಿ ಭಾರತಕ್ಕೆ ಬಂದ ಎರಡನೆಯ ಚಿನ್ನ ಅದು.