ಬೆನ್ನು ತುಳಿಯುವ ಕುರ್ಚಿ

ನಮ್ಮ ತಾತ ಹೊಲದಿಂದ ಬಂದ ಸಂಜೆ ಜಗುಲಿಯ ಮೇಲೆ ಬೋರಲು ಮಲಗಿ, 'ಬಾರೋ, ಬೆನ್ನು ತುಳಿಯೋ' ಎಂದು ಕೂಗುತ್ತಿದ್ದರು. ಆ ಕೆಲಸಕ್ಕೆ ಐದಾರು ವರ್ಷದ ಮೊಮ್ಮಕ್ಕಳ ತೂಕವೇ ಸರಿ. ಗೋಡೆಗೆ ಕೈಯೂರಿ ಸೊಂಟದಿಂದ ಹೆಗಲವರೆಗೆ, ಹೆಗಲಿಂದ ಮತ್ತೆ ಸೊಂಟಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡಬೇಕು. ನಡುವಿನ ಮೂಳೆಯ ಮೇಲೆ ಕಾಲಿಡುವಂತಿಲ್ಲ. ಅದರ ಅಕ್ಕಪಕ್ಕ ಹಗ್ಗದಂತೆ ಹಾದುಹೋಗುವ ಮಾಂಸದ ದಿಂಡಿನ ಮೇಲೆಯೇ ನಡೆಯಬೇಕು. ಕಾಲು ಸರಿಯಾದ ಜಾಗದಲ್ಲಿ ಬಿದ್ದರೆ ತಾತ 'ಹಾ, ಅಲ್ಲೇ' ಎನ್ನುತ್ತಿದ್ದರು. ಕಳೆದ ತಿಂಗಳು ಬೆಂಗಳೂರಿನ ಯಲಹಂಕ ನ್ಯೂಟೌನಿನಲ್ಲಿ ನೆರೆಮನೆಯವರ ಹೊಸ ಮಸಾಜ್ ಕುರ್ಚಿಯಲ್ಲಿ ಕೂತಾಗ ಅದೇ 'ಹಾ' ನನ್ನ ಬಾಯಿಂದಲೂ ಹೊರಟಿತು.

ಆ ಮನೆಯ ಯಜಮಾನತಿ ನಿವೃತ್ತ ಶಿಕ್ಷಕಿ. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತ ಸೊಂಟ ಈಗ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಹಿಡಿದುಕೊಳ್ಳುತ್ತದೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಮಗಳಿಗೆ ಕತ್ತು ನೋವು. ಇಬ್ಬರಿಗೂ ಆಗುತ್ತದೆಂದು ಮಗಳೇ ಕುರ್ಚಿ ತರಿಸಿದ್ದಾಳೆ. ನೂರು ಕಿಲೋ ತೂಗುವ ಅದನ್ನು ನಾಲ್ವರು ಮೆಟ್ಟಿಲು ಹತ್ತಿಸುವಾಗ ಅವರ ಬೆನ್ನುಗಳನ್ನು ನೋಡಿ ನನಗೆ ಸಂಕಟವಾಯಿತು. 'ಇದು ನಿಜಕ್ಕೂ ನೋವು ಕಳೆಯುತ್ತದೆಯೇ, ಇಲ್ಲ ಬರೀ ಹಿತವೇ?' ಎಂದು ಆಕೆ ಕೇಳಿದರು. ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರದ ಎಷ್ಟೋ ಮನೆಗಳಲ್ಲಿ ಸಾಲದ ಕಂತು ಕಟ್ಟಿ ಇಂಥ ಕುರ್ಚಿ ಕೊಳ್ಳುವ ಲೆಕ್ಕಾಚಾರ ನಡೆದಿರುವಾಗ, ಪ್ರಶ್ನೆಗೆ ನೇರ ಉತ್ತರ ಕೊಡಬೇಕು.

ಮೊದಲು ಕುರ್ಚಿಯ ಒಳಗೆ ಏನಿದೆ ನೋಡೋಣ. ಬೆನ್ನಿನ ಭಾಗದ ಬಟ್ಟೆ ಸರಿಸಿದರೆ ರೈಲು ಹಳಿಯಂತೆ ಎರಡು ಕಂಬಿಗಳು ಕಾಣುತ್ತವೆ. ಕತ್ತಿನ ಬಳಿ ಒಳಕ್ಕೆ, ಬೆನ್ನಿನ ಬಳಿ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ, ನಮ್ಮ ಬೆನ್ನುಮೂಳೆಯ ಹಾಗೆಯೇ ಅವು ಬಾಗಿರುತ್ತವೆ. ಹಳಿಯ ಮೇಲೆ ಒಂದು ಚಿಕ್ಕ ಗಾಡಿ. ಗಾಡಿಗೆ ಜೋಡಿ ಜೋಡಿಯಾಗಿ ನಾಲ್ಕು ಉರುಳೆಗಳು. ಒಂದು ಮೋಟರು ಗಾಡಿಯನ್ನು ಮೇಲೆ ಕೆಳಗೆ ಓಡಿಸಿದರೆ, ಇನ್ನೊಂದು ಉರುಳೆಗಳನ್ನು ಓರೆಯಾಗಿ ತಿರುಗಿಸಿ ಹಿಟ್ಟು ನಾದಿದಂತೆ ನಾದುತ್ತದೆ. ಮತ್ತೊಂದು ಪಟಪಟನೆ ಬಡಿಯುತ್ತದೆ. ತೋಳು, ಮೀನಖಂಡ, ಪಾದಗಳ ಸುತ್ತ ಗಾಳಿಚೀಲಗಳು ಉಬ್ಬಿ ಹಿಂಡಿ ಬಿಡುತ್ತವೆ. ಕೂತ ಕೂಡಲೇ ಉರುಳೆಗಳು ಒಂದು ಸುತ್ತು ಮೆಲ್ಲನೆ ಹತ್ತಿಳಿದು ಹೆಗಲು ಎಲ್ಲಿದೆ ಎಂದು ಅಳೆದುಕೊಳ್ಳುತ್ತವೆ. ಆ ಅಳತೆ ತಪ್ಪಿದರೆ ಉರುಳೆ ಮಾಂಸದ ಬದಲು ಮೂಳೆಯನ್ನು ಒತ್ತುತ್ತದೆ. ಮೂಳೆ ತಪ್ಪಿಸಿ ನಡೆ ಎಂದು ತಾತ ಕಲಿಸಿದ್ದ ಪಾಠವೇ ಅದು. ಇಷ್ಟೆಲ್ಲಕ್ಕೂ ವಿದ್ಯುತ್ ಹೆಚ್ಚು ಬೇಡ. ಇನ್ನೂರು ವಾಟ್‌ನ ಕುರ್ಚಿ ಇಪ್ಪತ್ತು ನಿಮಿಷ ಓಡಿದರೆ ಒಂದು ಯೂನಿಟ್ಟಿನ ಹದಿನೈದನೇ ಒಂದು ಭಾಗ ಅಷ್ಟೆ.

ಇದರ ಹುಟ್ಟೂರು ಜಪಾನಿನ ಒಸಾಕ. 1954ರಲ್ಲಿ ನೊಬುವೊ ಫುಜಿಮೊಟೊ ಎಂಬಾತ ಮರದ ಕುರ್ಚಿಗೆ ಮೋಟರು, ಸರಪಳಿ, ಚೆಂಡಿನಂಥ ಉರುಳೆ ಜೋಡಿಸಿ, ಸಾರ್ವಜನಿಕ ಸ್ನಾನಗೃಹಗಳಿಗೆ ಮಾರತೊಡಗಿದ. ಬಿಸಿನೀರಿನಲ್ಲಿ ಮಿಂದೆದ್ದವರು ನಾಣ್ಯ ಹಾಕಿ ಬೆನ್ನೊರಗಿಸಿ ಕೂರುತ್ತಿದ್ದರು. ಬಿಸಿನೀರು, ಮೈ ತಿಕ್ಕುವುದು ಎಂಬ ಈ ಜೋಡಿ ನಮಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಎಣ್ಣೆ ಹಚ್ಚಿ ಮೈ ನೀವಿಸಿಕೊಂಡು ಮೀಯುವುದನ್ನು ರಾಜನ ಭೋಗಗಳಲ್ಲಿ ಒಂದಾಗಿ ವರ್ಣಿಸಿದೆ. ನರಕ ಚತುರ್ದಶಿಯ ಎಣ್ಣೆಸ್ನಾನ, ಬಾಣಂತಿಗೆ ನೀರೆರೆಯುವುದು, ಗರಡಿಮನೆಯ ಮಾಲೀಸು ಎಲ್ಲವೂ ಅದೇ ಬಳ್ಳಿಯ ಕುಡಿಗಳು.

ಸರಿ, ಒತ್ತಿದರೆ ನೋವೇಕೆ ಇಳಿಯುತ್ತದೆ?

ಮಗು ಹೊಸ್ತಿಲು ಎಡವಿ ಮೊಣಕಾಲು ಪೆಟ್ಟು ಮಾಡಿಕೊಂಡರೆ ತಾಯಿ ಮೊದಲು ಮಾಡುವುದು ಆ ಜಾಗ ಉಜ್ಜುವುದು. ಆ ಉಜ್ಜುವಿಕೆಯ ಗುಟ್ಟನ್ನು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 'ಬಾಗಿಲು ಸಿದ್ಧಾಂತ'ವಾಗಿ ಮುಂದಿಟ್ಟರು. ಚರ್ಮ ಮತ್ತು ಸ್ನಾಯುಗಳಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರತಂತುಗಳು ಒಂದೇ ಬಗೆಯವಲ್ಲ. ಸ್ಪರ್ಶ ಮತ್ತು ಒತ್ತಡದ ಸುದ್ದಿ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಮಂದವಾಗಿ ಕೊರೆಯುವ ನೋವಿನ ಸುದ್ದಿ ಬಹಳ ತೆಳುವಾದ ತಂತುಗಳಲ್ಲಿ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್‌ನಂತೆ ತೆವಳುತ್ತದೆ. ಎರಡೂ ಬೆನ್ನುಹುರಿಯಲ್ಲಿ ಸೇರುವ ಕಡೆ ಒಂದು ಬಾಗಿಲಿದೆ ಎಂದುಕೊಳ್ಳಿ. ಸ್ಪರ್ಶದ ಸುದ್ದಿ ದಂಡಿಯಾಗಿ ಬಂದಾಗ ಅಲ್ಲಿನ ನಡುವಣ ನರಕೋಶಗಳು ಚುರುಕಾಗಿ ನೋವಿನ ಸುದ್ದಿಗೆ ಬಾಗಿಲನ್ನು ಓರೆ ಮಾಡುತ್ತವೆ. ಪೂರ್ತಿ ಮುಚ್ಚುವುದಿಲ್ಲ, ಮಿದುಳಿಗೆ ತಲುಪುವ ನೋವು ಕಡಿಮೆಯಾಗುತ್ತದೆ. ಸಿದ್ಧಾಂತದ ವಿವರಗಳು ಆಮೇಲೆ ಸಾಕಷ್ಟು ತಿದ್ದುಪಡಿಯಾಗಿವೆ, ತಿರುಳು ಮಾತ್ರ ನಿಂತಿದೆ. ಫಿಸಿಯೋಥೆರಪಿ ಕೊಠಡಿಯಲ್ಲಿ ಅಂಟುಪಟ್ಟಿ ಹಚ್ಚಿ ಜುಮ್ಮೆನ್ನುವ ಕರೆಂಟು ಕೊಡುವುದು ಇದೇ ತಿಳಿವಳಿಕೆಯ ಫಲ.

ಬಾಗಿಲಿಗೆ ಮೇಲಿನಿಂದಲೂ ಅಗುಳಿ ಇದೆ. ಮಿದುಳು ತಾನೇ ಅಫೀಮಿನಂಥ ನೋವುಶಾಮಕಗಳನ್ನು ತಯಾರಿಸುತ್ತದೆ. ಅಂಥ ಮೊದಲ ರಾಸಾಯನಿಕವನ್ನು 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಗುರುತಿಸಿದರು. ಸುರಕ್ಷಿತವಾಗಿ ಒರಗಿದ್ದೇನೆ, ಇನ್ನು ಹಿತವಾಗುತ್ತದೆ ಎಂಬ ನಂಬಿಕೆಯೇ ಆ ರಾಸಾಯನಿಕಗಳನ್ನು ಹರಿಯಬಿಡಬಲ್ಲದು. ಆದ್ದರಿಂದ 'ಅದೆಲ್ಲ ಮನಸ್ಸಿನ ಭ್ರಮೆ' ಎಂದು ಯಾರಾದರೂ ಮೂಗು ಮುರಿದರೆ ನಾನು ಒಪ್ಪುವುದಿಲ್ಲ. ನೋವು ಇಳಿದಿದ್ದರೆ ಅದು ನಿಜವಾಗಿಯೂ ಇಳಿದಿದೆ.

ಆದರೆ ಅಂಗಡಿಯಲ್ಲಿ ಹೇಳುವ ಎರಡು ಮಾತು ಮಾತ್ರ ನಿಜವಲ್ಲ. ಒಂದು, ಮಸಾಜು ಸ್ನಾಯುವಿನಲ್ಲಿ ಕಟ್ಟಿಕೊಂಡ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆ ಎಂಬುದು. ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಒಂದು ಗಂಟೆಯೊಳಗೆ ತಾನಾಗಿ ಕರಗುತ್ತದೆ. ಮರುದಿನದ ಮೈಕೈ ನೋವಿಗೆ ಅದು ಕಾರಣವೇ ಅಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹನ್ನೊಂದು ಯುವಕರು ಸುಸ್ತಾಗುವವರೆಗೆ ಸೈಕಲ್ ತುಳಿದರು. ಆಮೇಲೆ ಅವರ ಒಂದು ತೊಡೆಗೆ ಮಾತ್ರ ಹತ್ತು ನಿಮಿಷ ಮಸಾಜು ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮಸಾಜಾದ ತೊಡೆಯಲ್ಲಿ ಉರಿಯೂತದ ಸಂಕೇತಗಳು ಇಳಿದಿದ್ದವು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಹೊಸದಾಗಿ ಕಟ್ಟುವ ಸಂಕೇತಗಳು ಏರಿದ್ದವು. ಹನ್ನೊಂದೇ ಮಂದಿಯ ಪ್ರಯೋಗ, ಅದೂ ಮನುಷ್ಯನ ಕೈಯಿಂದಾದ ಮಸಾಜು; ಆದರೂ ಒತ್ತಡದ ಭಾಷೆ ಸ್ನಾಯುಕೋಶಕ್ಕೆ ತಿಳಿಯುತ್ತದೆ ಎಂಬ ಸುಳಿವು ಅದರಲ್ಲಿದೆ.

ಎರಡನೆಯದು, ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಾರಿದ್ದರೆ ಕುರ್ಚಿ ಅದನ್ನು ಒಳಕ್ಕೆ ತಳ್ಳುತ್ತದೆ ಎಂಬುದು. ಯಾವ ಉರುಳೆಯೂ ಹಾಗೆ ಮಾಡಲಾರದು. ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಸವೆದಿದೆ' ಎಂದಿದ್ದರೆ ಹೆದರಬೇಕಾದ್ದೂ ಇಲ್ಲ. ನೋವೇ ಇಲ್ಲದವರ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಸಮೀಕ್ಷೆಯೊಂದರ ಪ್ರಕಾರ ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಗೆ, ಎಂಬತ್ತರವರಲ್ಲಿ 96 ಮಂದಿಗೆ ಡಿಸ್ಕ್ ಸವೆದಿರುತ್ತದೆ. ತಲೆಗೂದಲು ನರೆತಂತೆ ಅದೂ ಒಂದು.

ಹಾಗಾದರೆ ಡಿಸ್ಕಿಗೂ ಕುರ್ಚಿಗೂ ನಂಟೇ ಇಲ್ಲವೇ? ಇದೆ, ಅದು ಒರಗುವುದರಲ್ಲಿದೆ. ಜರ್ಮನಿಯ ಉಲ್ಮ್‌ನಲ್ಲಿ ಹಾನ್ಸ್ ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಸ್ವಯಂಸೇವಕನೊಬ್ಬನ ಸೊಂಟದ ಡಿಸ್ಕಿನೊಳಗೆ ಒತ್ತಡಮಾಪಕ ಇಳಿಸಿ ಸುಮಾರು ಒಂದು ದಿನ ಅವನ ಎಲ್ಲ ಚಲನೆಗಳನ್ನೂ ಅಳೆದರು. 1999ರಲ್ಲಿ ಅದು ಪ್ರಕಟವಾಯಿತು. ನಿಂತಾಗ ಒತ್ತಡ 0.5 ಮೆಗಾಪ್ಯಾಸ್ಕಲ್. ಕುರ್ಚಿಗೆ ಜಾರಿ ಒರಗಿ ಕೂತಾಗ 0.27. ಮಲಗಿದಾಗ 0.1. ಬೆನ್ನು ಬಾಗಿಸಿ ಇಪ್ಪತ್ತು ಕಿಲೋ ಎತ್ತಿದಾಗ 2.3, ಅದೇ ಭಾರವನ್ನು ಮಂಡಿ ಮಡಚಿ ಎತ್ತಿದರೆ 1.7. ಈ ಕೊನೆಯ ಎರಡು ಅಂಕಿಗಳನ್ನು ಓದುವಾಗ ನನಗೆ ಯಶವಂತಪುರದ ಎಪಿಎಂಸಿ ಯಾರ್ಡು ಕಣ್ಣ ಮುಂದೆ ಬಂತು. ಬೆಳಗಿನ ಜಾವ ಲಾರಿಯಿಂದ ಈರುಳ್ಳಿ, ಆಲೂಗಡ್ಡೆ ಮೂಟೆ ಇಳಿಸುವ ಹಮಾಲಿಗಳು ಹೊರುವುದು ಇಪ್ಪತ್ತಲ್ಲ, ಐವತ್ತು ಕಿಲೋ. ಮಧ್ಯಾಹ್ನ ಖಾಲಿ ಗೋಣಿಗಳ ಮೇಲೆ ಅವರು ಅಂಗಾತ ಮಲಗುವುದನ್ನು ಸೋಮಾರಿತನ ಎನ್ನಬೇಡಿ. ಹೊರೆಯಡಿ ಹಿಂಡಿಹೋದ ನೀರು ಡಿಸ್ಕಿಗೆ ಮರಳಿ ತುಂಬಿಕೊಳ್ಳಲು ಇರುವ ಹೊತ್ತು ಅದು. ನಿಜಕ್ಕೂ ಬೆನ್ನಿನ ಆರೈಕೆ ಬೇಕಾದವರು ಅವರು, ಲಕ್ಷಗಟ್ಟಲೆ ಬೆಲೆಯ ಕುರ್ಚಿ ಅವರ ಮನೆಗೆ ಬರುವುದಿಲ್ಲ.

ಕಂಪ್ಯೂಟರಿನ ಮುಂದೆ ಕೂರುವವರ ಕಷ್ಟ ಬೇರೆ ಬಗೆಯದು. ಹೊರುವುದು ಏನೂ ಇಲ್ಲ, ಆದರೆ ಹೆಗಲಿನ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಕೆಲಸ ಮುಗಿಸಿ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಮತ್ತೆ ಕೂರಬೇಕು. ವಾಹನ ಸಂಚಾರ ಅಳೆಯುವ ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕಿತ್ತು. ಹಾಗೆ ಬಂದ ಮಗಳು ಕಾಲು ಮೇಲೆತ್ತಿ ಒರಗಿದಾಗ, ಉರುಳೆ ಹೆಗಲ ಗಂಟಿನ ಮೇಲೆ ಸುತ್ತಿದಾಗ, ಬಿಗಿ ಸಡಿಲಿ ರಕ್ತ ಹರಿಯುತ್ತದೆ, ಉಸಿರು ನಿಧಾನವಾಗುತ್ತದೆ. ಈ ಹಿತಕ್ಕೆ ಗುಳಿಗೆ ಬೇಕಿಲ್ಲ. ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಂಡವರನ್ನು ಕಂಡವನಾದ ನನಗೆ ಇದು ಸಣ್ಣ ಲಾಭವೆನಿಸುವುದಿಲ್ಲ.

ಆದರೂ ಕುರ್ಚಿ ಕೈಯಾಗಲಾರದು. ಕೂದಲಿರುವ ಚರ್ಮದಲ್ಲಿ ಒಂದು ವಿಶೇಷ ಬಗೆಯ ತೆಳು ನರತಂತುಗಳಿವೆ. ಸ್ವೀಡನ್ನಿನ ಓಕೆ ವಾಲ್ಬೊ, ಹೋಕನ್ ಉಲಾವ್ಸನ್ ಮೊದಲಾದವರು ದಶಕಗಳಿಂದ ಇವನ್ನು ಅಭ್ಯಸಿಸಿದ್ದಾರೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ, ಮೈಯ ಬಿಸುಪಿನಲ್ಲಿ, ಮೃದುವಾಗಿ ನೇವರಿಸಿದರೆ ಅವು ಹೆಚ್ಚು ಸ್ಪಂದಿಸುತ್ತವೆ. ತಾಯಿ ಮಗುವಿನ ಬೆನ್ನು ಸವರುವ ವೇಗವೇ ಅದು. ಕುರ್ಚಿಯ ಉರುಳೆ ಬಟ್ಟೆ, ರೆಕ್ಸಿನ್ ದಾಟಿ ಆಳಕ್ಕೆ ಒತ್ತುತ್ತದೆಯೇ ಹೊರತು ಚರ್ಮದೊಡನೆ ಮಾತಾಡುವುದಿಲ್ಲ. ಬಾಣಂತಿಗೆ ಎಣ್ಣೆ ನೀವುವ ಅಜ್ಜಿಯ ಕೈ ಎರಡನ್ನೂ ಮಾಡುತ್ತದೆ. ಎಲ್ಲಿ ಬಿಗಿ ಇದೆ ಎಂದು ಹುಡುಕಿ, ಬಾಣಂತಿ ಮುಖ ಕಿವುಚಿದರೆ ಒತ್ತಡ ಇಳಿಸುತ್ತದೆ. ಕುರ್ಚಿಗೆ ನಮ್ಮ ಮುಖ ಕಾಣುವುದಿಲ್ಲ. ಎಷ್ಟು ಒತ್ತಬೇಕೆಂಬುದನ್ನು ನಾವೇ ಹೇಳಬೇಕು.

ಅದಕ್ಕೇ ಕೆಲವರು ಅದರಲ್ಲಿ ಕೂರಬಾರದು, ಕೂತರೂ ವೈದ್ಯರನ್ನು ಕೇಳಿ ಕೂರಬೇಕು. ಮೂಳೆ ಟೊಳ್ಳಾದ ಹಿರಿಯರಿಗೆ ಗಟ್ಟಿ ಉರುಳೆಯಿಂದ ಬೆನ್ನುಮೂಳೆ ಬಿರಿಯಬಹುದು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಗಾಳಿಚೀಲ ಅದನ್ನು ಹಿಂಡಿದರೆ ಹೆಪ್ಪು ಶ್ವಾಸಕೋಶಕ್ಕೆ ಹಾರುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು ಎಚ್ಚರವಾಗಿರಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಕುರ್ಚಿ ಕೊಡುವ ಬಿಸಿ ತಿಳಿಯದೆ ಚರ್ಮ ಸುಡಬಹುದು. ಅವರು ಬಿಸಿಯ ಗುಂಡಿ ಒತ್ತಲೇಬಾರದು. ಕತ್ತಿನ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. 2024ರಲ್ಲಿ ಬಳ್ಳಾರಿಯ ಸಲೂನೊಂದರಲ್ಲಿ ತಲೆ ಮಾಲೀಸಿನ ಕೊನೆಗೆ ಕತ್ತು ಲಟಕ್ಕೆಂದು ತಿರುಗಿಸಿಕೊಂಡ ಮೂವತ್ತರ ಯುವಕನಿಗೆ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಬಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕುರ್ಚಿ ಹಾಗೆ ತಿರುಚುವುದಿಲ್ಲ, ಆದರೂ ಕತ್ತಿಗೆ ಅತಿ ಕಡಿಮೆ ಒತ್ತಡವೇ ಸಾಕು. ಎಡ ಹೆಗಲು, ದವಡೆ ನೋಯುತ್ತಾ ಬೆವರು ಕಿತ್ತುಬಂದರೆ ಕುರ್ಚಿಯತ್ತ ಹೋಗದೆ ಆಸ್ಪತ್ರೆಗೆ ಓಡಬೇಕು. ಸೊಂಟ ನೋವಿನ ಜೊತೆ ಜ್ವರ, ತೂಕ ಇಳಿಕೆ ಇದ್ದರೂ ಹಾಗೆಯೇ. ಕ್ಷಯ ಬೆನ್ನುಮೂಳೆಗೂ ಬರುತ್ತದೆ. ಕಾಲು ಸೋತು, ಮೂತ್ರ ಹಿಡಿತ ತಪ್ಪಿ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಳಸಿದ ಮೇಲೆ ಪ್ಲಗ್ ಕಿತ್ತಿಡಿ.

ಉಳಿದವರಿಗೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮೊದಲ ವಾರ ಕನಿಷ್ಠ ಒತ್ತಡ. ಮರುದಿನ ಮೈ ನೊಂದರೆ ಒತ್ತಡ ಹೆಚ್ಚಾಗಿತ್ತು ಎಂದೇ ಅರ್ಥ.

ನೆರೆಯವರ ಪ್ರಶ್ನೆಗೆ ಬರುತ್ತೇನೆ. ದೀರ್ಘಕಾಲದ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿ ಮಸಾಜನ್ನು ಒಪ್ಪಿದೆ. ಅದರ ಜೊತೆ ವ್ಯಾಯಾಮವನ್ನೂ ಹೇಳಿದೆ, ಸೊಂಟದ ಬೆಲ್ಟನ್ನು ಬೇಡವೆಂದಿದೆ. ಮಸಾಜಿನ ಹಿತ ಅಲ್ಪಕಾಲದ್ದು ಎಂಬುದರಲ್ಲಿ ಸಂಶೋಧಕರಿಗೆ ಹೆಚ್ಚಿನ ಭಿನ್ನಮತವಿಲ್ಲ. ಓರೆಯಾದ ಬಾಗಿಲು ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯುತ್ತದೆ. ನನಗೆ ಮುಖ್ಯವೆನಿಸುವುದು ಆ ಸ್ವಲ್ಪ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ ಎಂಬುದು. ಕುರ್ಚಿಯಿಂದೆದ್ದು ಸೋಫಾಕ್ಕೆ ಹೋಗಿ ಕೂತರೆ ಹಣ ವ್ಯರ್ಥ. ಸೊಂಟ ಸಡಿಲವಾಗಿರುವ ಆ ಗಳಿಗೆಯಲ್ಲಿ ನಡೆದರೆ ನಾಳೆಯ ಸೊಂಟಕ್ಕೂ ಒಂದಿಷ್ಟು ಉಳಿಯುತ್ತದೆ. ಆಸ್ಟ್ರೇಲಿಯದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು; 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ನಡಿಗೆಯ ಅಭ್ಯಾಸ ಮಾಡಿಸಿದ ಗುಂಪಿನಲ್ಲಿ ನೋವು ಮರುಕಳಿಸಲು ತೆಗೆದುಕೊಂಡ ನಡುಮಟ್ಟದ ಅವಧಿ 208 ದಿನ, ಉಳಿದವರಲ್ಲಿ 112.

ಇದನ್ನೆಲ್ಲ ಹೇಳಿದಾಗ ಶಿಕ್ಷಕಿ ಸುಮ್ಮನೆ ಕೇಳಿಸಿಕೊಂಡರು. ಮೊನ್ನೆ ಸಂಜೆ ಹೋದಾಗ ಕುರ್ಚಿಯ ಪಾದದ ಬಳಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಇತ್ತು. ಹದಿನೈದು ನಿಮಿಷದ ಸದ್ದು ನಿಂತಿತು, ಒರಗು ನೆಟ್ಟಗಾಯಿತು. ಆಕೆ ಬಗ್ಗಿ ದಾರ ಕಟ್ಟಿಕೊಂಡರು. ಬೆಳಿಗ್ಗೆ ಹೀಗೆ ಬಗ್ಗಲು ಆಗುವುದಿಲ್ಲವಂತೆ. ಜಕ್ಕೂರು ಕೆರೆಯ ದಂಡೆಗೆ ಮಗಳ ಸ್ಕೂಟರಿನಲ್ಲಿ ಹೊರಟರು, ಅಲ್ಲಿ ಅರ್ಧ ಸುತ್ತು ನಡೆಯಲು.