ಕಾರ್ಖಾನೆಯ ಚೂರಿ: ಬೆಲೆ ಮತ್ತು ಬಾಳಿಕೆ

ಈಳಿಗೆಮಣೆಯನ್ನು ಊರಿನಲ್ಲಿಯೇ ಬಿಟ್ಟುಬಂದ ನಮ್ಮ ಸಂಸಾರಗಳಲ್ಲಿ ಈಗ ಕಾರ್ಖಾನೆಯ ಚೂರಿಗೇ ಅಡಿಗೆಮನೆಯ ಅಧಿಕಾರ. ಠಾಣೆ, ಡೊಂಬಿವಲಿಗಳ ಪಾತ್ರೆಯಂಗಡಿಗಳಲ್ಲಿ ಅದನ್ನು ಕೊಳ್ಳುವವರು ಸಾಮಾನ್ಯವಾಗಿ ಹೊಳಪಿಗೆ ಹಣ ತೆರುತ್ತಾರೆ. ಬಾಳಿಕೆಯಾದರೋ ಕಣ್ಣಿಗೆ ಕಾಣದ ಹದದಲ್ಲಿದೆ.

1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸಿದ್ಧಪಡಿಸಿದ ತುಕ್ಕುಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂ ಶೇಕಡ ಸುಮಾರು 13, ಇಂಗಾಲ ಶೇಕಡ 0.24. ತುಕ್ಕನ್ನು ತಡೆಯುವುದು ಕ್ರೋಮಿಯಂ. ಅಲಗಿಗೆ ಗಡಸು ಬರುವುದು ಇಂಗಾಲದಿಂದ, ಅದೂ ಚೆನ್ನಾಗಿ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹಿತವಾಗಿ ಬಿಸಿಮಾಡಿದಾಗ. ಆದುದರಿಂದ ‘ಸ್ಟೇನ್‌ಲೆಸ್’ ಎಂಬ ಮುದ್ರೆ ಹರಿತಕ್ಕೆ ಜಾಮೀನಲ್ಲ. ಕಡಲ ತೇವದ ಈ ಸೀಮೆಯಲ್ಲಿ ತುಕ್ಕು ಹಿಡಿಯದಿರುವುದೂ ಸಣ್ಣ ಗುಣವಲ್ಲವೆನ್ನಿ. ಶೇಕಡ ಅರ್ಧದಷ್ಟು ಇಂಗಾಲವುಳ್ಳ ಉಕ್ಕು, ಹದ ಸರಿಯಾಗಿದ್ದರೆ, ಅಡಿಗೆಗೆ ಧಾರಾಳವಾಗಿ ಸಾಕು.

ಹದವನ್ನು ಅಂಗಡಿಯಲ್ಲಿ ಅಳೆಯಲಾಗದು, ಹಿಡಿಯನ್ನು ನೋಡಬಹುದು. ಅಲಗಿನ ಲೋಹ ಹಿಡಿಯ ತುದಿಯವರೆಗೂ ಹಾಯ್ದು, ಎರಡು ಹೋಳುಗಳ ನಡುವೆ ರಿವೆಟ್ಟುಗಳಿಂದ ಬಿಗಿದಿದ್ದರೆ ಉತ್ತಮ. ಪ್ಲಾಸ್ಟಿಕ್ಕಿನೊಳಗೆ ಬೆರಳುದ್ದ ಮಾತ್ರ ತೂರಿಸಿದ್ದು ಸೊಪ್ಪಿಗೆ, ಟೊಮೆಟೊಗೆ ನಡೆದೀತು. ಕುಂಬಳಕಾಯಿಯೆದುರು ಬಹುಕಾಲ ನಿಲ್ಲದು. ಬಾಯನ್ನು ಬೆಳಕಿಗೆ ಹಿಡಿಯಿರಿ: ಅಂಚಿನಲ್ಲಿ ಬಿಳಿಗೆರೆ ಮಿನುಗಿದರೆ ಅಲ್ಲಿ ಮೊಂಡು. ಮೊಂಡನ್ನು ಸಾಣೆಯವನು ಸರಿಪಡಿಸುತ್ತಾನೆ. ಸಾಣೆ ಹಿಡಿಸಿದ ವಾರದೊಳಗೇ ಮತ್ತೆ ಟೊಮೆಟೊ ಜಜ್ಜತೊಡಗಿದರೆ ಉಕ್ಕಿನ ಹದವೇ ಸಾಲದು. ಅಂಥದಕ್ಕೆ ಎಷ್ಟು ಕಡಿಮೆ ಕೊಟ್ಟಿದ್ದರೂ ಅದು ದುಬಾರಿಯೇ.