‘ಕರಗುವ’ ಮಲ್ಚಿಂಗ್ ಹಾಳೆ: ಎಲ್ಲಿ ಕರಗುತ್ತದೆ, ಎಲ್ಲಿ ಉಳಿಯುತ್ತದೆ?

ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಕಲ್ಲಂಗಡಿ ಮುಂತಾದ ಬೆಳೆಗಳ ಏರುಮಡಿಗೆ ಹೊದಿಸುವ ಪಾಲಿಥೀನ್ ಹಾಳೆಯು ಕಳೆಯನ್ನು ತಡೆದು ತೇವಾಂಶವನ್ನು ಉಳಿಸುತ್ತದೆ. ಬೆಳೆ ಮುಗಿದ ನಂತರ ಅದನ್ನು ಆರಿಸಿ ತೆಗೆಯುವುದೇ ದೊಡ್ಡ ಕೆಲಸ. ಉಳಿದ ಚೂರುಗಳು ಮಣ್ಣು ಸೇರುತ್ತವೆ; ಬದುವಿನಲ್ಲಿ ಸುಟ್ಟರೆ ಹಾನಿಕರ ಹೊಗೆ ಏಳುತ್ತದೆ. ಆದುದರಿಂದ ಉಳುಮೆ ಮಾಡಿದರೆ ಮಣ್ಣಿನಲ್ಲಿಯೇ ಕರಗುವುದೆಂದು ಹೇಳಿ ಮಾರುವ ಹಾಳೆಗಳತ್ತ ರೈತರು ಆಕರ್ಷಿತರಾಗುವುದು ಸಹಜ. ಆದರೆ ಹಾಳೆಯ ಕರಗುವಿಕೆಯು ಅದರ ವಸ್ತುವನ್ನಷ್ಟೇ ಅಲ್ಲದೆ, ಅದು ಬಿದ್ದಿರುವ ಜಾಗವನ್ನೂ ಅವಲಂಬಿಸಿದೆ ಎಂಬುದನ್ನು ಹಣ ಕೊಡುವ ಮುನ್ನ ತಿಳಿದಿರಬೇಕು.

ಈ ಹಾಳೆಗಳು ಬಹುತೇಕ ಪಾಲಿಯೆಸ್ಟರ್ ಗುಂಪಿಗೆ ಸೇರಿದವು. ಇವುಗಳಲ್ಲಿ ಸಣ್ಣ ಅಣುಗಳು ಎಸ್ಟರ್ ಬಂಧಗಳೆಂಬ ಕೊಂಡಿಗಳಿಂದ ಸರಪಳಿಯಂತೆ ಜೋಡಣೆಯಾಗಿರುತ್ತವೆ. ನೀರು ಹಾಗೂ ಸೂಕ್ಷ್ಮಾಣುಜೀವಿಗಳು ಸ್ರವಿಸುವ ಕಿಣ್ವಗಳು ಈ ಕೊಂಡಿಗಳನ್ನು ಕತ್ತರಿಸುತ್ತವೆ. ಹೀಗೆ ತುಂಡಾದ ಅಣುಗಳನ್ನು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಆಹಾರವಾಗಿ ಬಳಸಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಹಾಗೂ ನೀರನ್ನಾಗಿ ಪರಿವರ್ತಿಸುತ್ತವೆ. ಬಟ್ಟೆಯ ಪಾಲಿಯೆಸ್ಟರ್‌ನಲ್ಲಿಯೂ ಇದೇ ಕೊಂಡಿಗಳಿವೆ. ಆದರೆ ಅದರ ರಚನೆ ಬಹಳ ಬಿಗಿಯಾದುದರಿಂದ ಕಿಣ್ವಗಳಿಗೆ ಸುಲಭವಾಗಿ ಎಟುಕುವುದಿಲ್ಲ.

ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ ಎಂಬ ಪಾಲಿಯೆಸ್ಟರ್‌ನ ಬಗ್ಗೆ ಹೆಚ್ಚಿನ ತಪ್ಪು ತಿಳುವಳಿಕೆ ಇದೆ. ಸಸ್ಯಮೂಲದ್ದಾದ ಮಾತ್ರಕ್ಕೆ ಅದು ಹೊಲದಲ್ಲಿ ಕರಗುವುದಿಲ್ಲ. ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಗಾಜಿನಂತೆ ಗಡುಸಾಗಿಯೇ ಇರುತ್ತದೆ. ಕೈಗಾರಿಕಾ ಕಾಂಪೋಸ್ಟ್ ಘಟಕದ ನಿರಂತರ ಶಾಖದಲ್ಲಿ ಕೆಲವೇ ತಿಂಗಳುಗಳಲ್ಲಿ ಕರಗುವ ಪಿಎಲ್‌ಎ, ಹೊಲದ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಹುದು. ಮನೆಯ ತಿಪ್ಪೆಯಲ್ಲಿ ಅಂತಹ ಶಾಖ ಬಹುಕಾಲ ನಿಲ್ಲುವುದಿಲ್ಲ. ಎರೆಗೊಬ್ಬರದ ತೊಟ್ಟಿಯಲ್ಲಂತೂ ಹುಳುಗಳು ಬದುಕಲು ತಂಪಿರಲೇಬೇಕು. ಪೆಟ್ರೋಲಿಯಂ ಮೂಲದ ಪಿಬಿಎಟಿ ಇದಕ್ಕೆ ವ್ಯತಿರಿಕ್ತ. ಅದು ಮೃದುವಾಗಿದ್ದು, ಮಣ್ಣಿನ ಸೂಕ್ಷ್ಮಾಣುಜೀವಿಗಳಿಗೆ ಸುಲಭವಾಗಿ ದಕ್ಕುತ್ತದೆ. ಇಂದಿನ ಅನೇಕ ಮಲ್ಚಿಂಗ್ ಹಾಳೆಗಳು ಪಿಬಿಎಟಿಗೆ ಪಿಷ್ಟ ಅಥವಾ ಪಿಎಲ್‌ಎ ಬೆರೆಸಿದವು. ಬ್ಯಾಕ್ಟೀರಿಯಾಗಳೇ ತಮ್ಮೊಳಗೆ ಸಂಗ್ರಹಿಸುವ ಪಿಎಚ್‌ಎ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕರಗುತ್ತದೆ, ಆದರೆ ದುಬಾರಿ.

ತೇವ, ಶಾಖ, ಸಾವಯವ ಅಂಶ ಮೂರೂ ಇದ್ದ ಮಣ್ಣಿನಲ್ಲಿ ಕರಗುವಿಕೆ ಚುರುಕಾಗಿರುತ್ತದೆ. ಒಣ ಭೂಮಿಯಲ್ಲಿ ಬೇಸಿಗೆಯ ತಿಂಗಳುಗಳು ಲೆಕ್ಕಕ್ಕೇ ಬಾರವು. ಮಡಿಯ ಅಂಚಿನಲ್ಲಿ ಹೂತ ಭಾಗವು ಮೇಲಿನ ಭಾಗಕ್ಕಿಂತ ಮೊದಲು ಶಿಥಿಲವಾಗುವುದನ್ನು ತಾವೇ ಗಮನಿಸಬಹುದು. ಗಾಳಿಗೆ ಹಾರಿ ಕೆರೆ, ಕಾಲುವೆ ಸೇರಿದ ಚೂರುಗಳು ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚು ಕಾಲ ಉಳಿಯುವ ಸಂಭವವಿದೆ.

ಚೀಟಿಯ ಮೇಲಿನ ‘ಕಾಂಪೋಸ್ಟಬಲ್’ ಎಂಬ ಪದವು ಸಾಮಾನ್ಯವಾಗಿ ಸುಮಾರು 58 ಡಿಗ್ರಿ ಶಾಖದ ಪರೀಕ್ಷೆಯನ್ನು ಆಧರಿಸಿದುದು. ಹೊಲಕ್ಕೆ ಅದು ಸಾಲದು. ಮಲ್ಚಿಂಗ್ ಹಾಳೆಗೆಂದೇ 2018ರಲ್ಲಿ ಬಂದ ಯುರೋಪಿನ ಇಎನ್ 17033 ಮಾನದಂಡದ ಪ್ರಕಾರ, ಸುಮಾರು 25 ಡಿಗ್ರಿಯ ಮಣ್ಣಿನಲ್ಲಿ 2 ವರ್ಷದೊಳಗೆ ಶೇ. 90ರಷ್ಟು ವಿಘಟನೆಯಾಗಬೇಕು. ಮಾರಾಟಗಾರರಿಂದ ಮಣ್ಣಿನ ಪರೀಕ್ಷೆಯ ಇಂತಹ ಪ್ರಮಾಣಪತ್ರವನ್ನೇ ಕೇಳಿ ಪಡೆಯಿರಿ. ‘ಆಕ್ಸೋ’ ಎಂಬ ಹೆಸರಿನ ಹಾಳೆಯನ್ನು ಕೊಳ್ಳಬೇಡಿ. ಅದು ಪುಡಿಯಾಗುವ ಪಾಲಿಥೀನ್ ಅಷ್ಟೆ.

ಮೊದಲ ಬಾರಿಗೆ ಒಂದೆರಡು ಮಡಿಗಳಲ್ಲಿ ಮಾತ್ರ ಬಳಸಿ ನೋಡಿ. ಕೊಯ್ಲಿನ ನಂತರ ಹನಿ ನೀರಾವರಿಯ ಪೈಪುಗಳನ್ನು ತೆಗೆದು, ಮಣ್ಣು ಹದವಾಗಿರುವಾಗಲೇ ಕೊಟ್ಟಿಗೆ ಗೊಬ್ಬರದೊಂದಿಗೆ ರೋಟಾವೇಟರ್ ಹೊಡೆಯಿರಿ. ಹಾಳೆಯ ಒಂದು ತುಂಡನ್ನು ಈರುಳ್ಳಿಯ ಬಲೆಚೀಲದಲ್ಲಿಟ್ಟು ಅರ್ಧ ಅಡಿ ಆಳದಲ್ಲಿ ಹೂತು, ಗುರುತಿಗೆ ಗೂಟ ನೆಟ್ಟು, ಪ್ರತಿ ಹಂಗಾಮಿನಲ್ಲಿ ತೆಗೆದು ನೋಡಿ. 2 ವರ್ಷ ಕಳೆದರೂ ತುಂಡು ಹಾಗೆಯೇ ಇದ್ದರೆ ಆ ಹಾಳೆಯನ್ನು ಮತ್ತೆ ಕೊಳ್ಳಬೇಡಿ.